ಮ್ಯಾಟ್ರಿಕ್ಸ್‌ನ ಸಾಲಿಗೆ, ಕಂಬಕ್ಕೆ ಹೆಸರಿಡುವುದು ಲೇಟೆಕ್‌ನಲ್ಲಿ ಯಾಕಿಷ್ಟು ಕಷ್ಟ?

ಲೇಟೆಕ್ ಅಂದರೆ ಗಣಿತದ ಬರಹವನ್ನು ಅಚ್ಚುಕಟ್ಟಾಗಿ ಜೋಡಿಸುವ ಸಾಫ್ಟ್‌ವೇರ್, ಮ್ಯಾಟ್ರಿಕ್ಸ್ ಅಂದರೆ ಸಾಲು, ಕಂಬಗಳಲ್ಲಿ ಅಂಕಿ ಜೋಡಿಸಿದ ಕೋಷ್ಟಕ. ನಮ್ಮ ಮೆಟ್ರೋದ ಮೂರು ನಿಲ್ದಾಣ ತಗೊಳ್ಳಿ: ಮೆಜೆಸ್ಟಿಕ್, ಜಯನಗರ, ಇಂದಿರಾನಗರ. ರೈಲು ಬದಲಿಸದೆ ಒಂದರಿಂದ ಇನ್ನೊಂದಕ್ಕೆ ಹೋಗಬಹುದಾದರೆ 1, ಇಲ್ಲದಿದ್ದರೆ 0. ಹಸಿರು, ನೇರಳೆ ಮಾರ್ಗ ಸೇರುವುದು ಮೆಜೆಸ್ಟಿಕ್‌ನಲ್ಲಿ. ಹಾಗಾಗಿ ಮೊದಲ ಸಾಲು 0 1 1, ಉಳಿದೆರಡೂ 1 0 0. ಪಕ್ಕದಲ್ಲಿ ನಿಲ್ದಾಣದ ಹೆಸರಿಲ್ಲದಿದ್ದರೆ ಇದು ಬರೀ ಒಂಬತ್ತು ಅಂಕಿ.

ಬೆಂಗಳೂರಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ ಈ ತೊಂದರೆ ಇನ್ನೂ ಜಾಸ್ತಿ. ಕನ್ಫ್ಯೂಷನ್ ಮ್ಯಾಟ್ರಿಕ್ಸ್‌ನಲ್ಲಿ, ಅಂದರೆ ಕಂಪ್ಯೂಟರ್ ಊಹಿಸಿದ ಉತ್ತರವನ್ನು ನಿಜವಾದದ್ದರ ಜೊತೆ ಹೋಲಿಸುವ ಕೋಷ್ಟಕದಲ್ಲಿ, ನಿಜವಾದ ಉತ್ತರವನ್ನು ಕೆಲವರು ಸಾಲಿನಲ್ಲಿ ಇಡುತ್ತಾರೆ, ಕೆಲವರು ಕಂಬದಲ್ಲಿ. ಹೆಸರು ಬಿಟ್ಟರೆ ಅರ್ಥವೇ ತಿರುಗಿಬಿಡುತ್ತದೆ. ಅದಕ್ಕೇ ಈ ಹೆಸರುಗಳನ್ನು ಅಲಂಕಾರ ಅಂದುಕೊಳ್ಳಬಾರದು.

ಕಷ್ಟ ಇರುವುದು ಆವರಣ ಚಿಹ್ನೆಯಲ್ಲಿ. ಅದು ಸೈಟಿನ ಕಾಂಪೌಂಡ್ ಇದ್ದ ಹಾಗೆ. ಒಳಗಿನ ಕಂಬಗಳ ಅಗಲ ಒಳಗಿನವಕ್ಕೆ ಮಾತ್ರ ಗೊತ್ತು. ಹೊರಗೆ ಬೇರೆಯಾಗಿ ಬರೆದ ಹೆಸರು ಯಾವ ಕಂಬದ ಮೇಲೆ ನಿಲ್ಲಬೇಕು ಅಂತ ತಿಳಿಯುವುದಿಲ್ಲ.

ಲೇಟೆಕ್‌ಗೆ ಬುನಾದಿಯಾದ ಟೆಕ್ ಸಾಫ್ಟ್‌ವೇರ್‌ನ ಕೆಲಸವನ್ನು 1977ರಲ್ಲಿ ಶುರುಮಾಡಿದ ಡೊನಾಲ್ಡ್ ಕ್ನೂತ್ ಇದಕ್ಕೆ ಚೆಂದದ ದಾರಿ ಕಂಡುಕೊಂಡರು. ಅದೇ ಬಾರ್ಡರ್‌ಮ್ಯಾಟ್ರಿಕ್ಸ್ ಆಜ್ಞೆ. ಅದು ಹೆಸರು, ಅಂಕಿ ಎಲ್ಲವನ್ನೂ ಒಂದೇ ಕೋಷ್ಟಕವಾಗಿ ಜೋಡಿಸುತ್ತದೆ. ಆಮೇಲೆ ಮೇಲಿನ ಸಾಲು, ಎಡಗಡೆಯ ಕಂಬ ಹೊರಗುಳಿಯುವ ಹಾಗೆ ಆವರಣವನ್ನು ನಡುವೆ ತೂರಿಸುತ್ತದೆ. ಮೊದಲು ಜೋಡಣೆ, ಆಮೇಲೆ ಆವರಣ: ಇಡೀ ಜಾಣ್ಮೆ ಈ ಕ್ರಮದಲ್ಲಿದೆ.

ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದಲ್ಲಿ ಕಟ್ಟಿದ ಲೇಟೆಕ್‌ಗೂ ಈ ಆಜ್ಞೆ ಹಾಗೇ ಬಂತು, ಮಿತಿಗಳ ಸಮೇತ. ಗುಂಡು ಆವರಣ ಮಾತ್ರ, ಚೌಕದ್ದು ಬೇಕಾದರೆ ಆಜ್ಞೆಯ ಒಳಗೇ ಕೈ ಹಾಕಬೇಕು. ಹೆಸರು ಮೇಲೆ ಮತ್ತು ಎಡಕ್ಕೆ ಮಾತ್ರ. ಸಾಲು ಮುಗಿಸುವ ರೀತಿಯೂ ಹಳೇ ಟೆಕ್‌ನದ್ದೇ. ಆಮೇಲೆ ಬಂದ ಎಎಂಎಸ್‌ಮ್ಯಾಥ್ ಎಂಬ ಪ್ಯಾಕೇಜ್ (ಲೇಟೆಕ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಆಜ್ಞೆಗಳ ಕಟ್ಟು) ಬಗೆಬಗೆಯ ಆವರಣ ಕೊಟ್ಟಿತು, ಹೆಸರಿನ ವ್ಯವಸ್ಥೆ ಕೊಡಲಿಲ್ಲ. ಡೇವಿಡ್ ಕಾರ್ಲೈಲ್ ಬರೆದ ಬ್ಲಾಕ್‌ಅರೇ ಪ್ಯಾಕೇಜ್ ಆ ಕೊರತೆ ತುಂಬಿತು: ದೊಡ್ಡ ಕೋಷ್ಟಕದೊಳಗೆ ಬೇಕಾದ ಭಾಗಕ್ಕೆ ಮಾತ್ರ ಆವರಣ.

ಈಗ ಶುರುಮಾಡುವವರಿಗೆ ನಾನು ಹೇಳುವುದು ಫ್ರಾನ್ಸ್ವಾ ಪಾಂತಿಞಿ ಅವರ ನೈಸ್‌ಮ್ಯಾಟ್ರಿಕ್ಸ್ ಪ್ಯಾಕೇಜ್. ಫಸ್ಟ್-ರೋ, ಫಸ್ಟ್-ಕಾಲ್ ಅಂತ ಎರಡು ಆಯ್ಕೆ ಕೊಟ್ಟರೆ ಮೊದಲ ಸಾಲು, ಮೊದಲ ಕಂಬ ಆವರಣದ ಹೊರಗೆ ಕೂರುತ್ತವೆ. ಕೆಳಗೆ, ಬಲಕ್ಕೆ ಬೇಕಾದರೂ ಇಂಥದ್ದೇ ಆಯ್ಕೆಗಳಿವೆ. ಆವರಣ ಯಾವುದಾದರೂ ಸರಿ.

ಹೆಸರು ಕನ್ನಡದಲ್ಲಿ ಬೇಕಾದರೆ ಇನ್ನೊಂದು ಕೆಲಸ ಇದೆ. ಗಣಿತದ ಫಾಂಟ್‌ನಲ್ಲಿ ಕನ್ನಡ ಅಕ್ಷರ ಇರುವುದಿಲ್ಲ. ಸುಮ್ನೆ ‘ಜಯನಗರ’ ಅಂತ ಟೈಪ್ ಮಾಡಿದರೆ ಜಾಗ ಖಾಲಿ ಬರುತ್ತದೆ. ಅದನ್ನು ಟೆಕ್ಸ್ಟ್ ಆಜ್ಞೆಯೊಳಗೆ ಹಾಕಿ, ಕನ್ನಡ ಫಾಂಟ್ ಗೊತ್ತುಮಾಡಿ, ಝೀಲೇಟೆಕ್‌ನಲ್ಲಿ (ಕಂಪ್ಯೂಟರಿನಲ್ಲಿರುವ ಕನ್ನಡ ಫಾಂಟ್‌ಗಳನ್ನು ನೇರವಾಗಿ ಬಳಸಬಲ್ಲ ಲೇಟೆಕ್‌ನ ರೂಪ) ಓಡಿಸಿ. ಮೊದಲ ಸಲ ಜೋಡಣೆ ಸರಿ ಕಾಣದಿದ್ದರೆ ಗಾಬರಿ ಬೇಡ, ನೈಸ್‌ಮ್ಯಾಟ್ರಿಕ್ಸ್‌ಗೆ ಒಂದಕ್ಕಿಂತ ಹೆಚ್ಚು ಸಲ ಓಡಿಸಬೇಕಾಗುತ್ತದೆ.