ನಾ ಆರಾಮ ಅದೀನಿ, ಗುಳಿಗಿ ಯಾಕ?

ಬೆಟಗೇರಿಯ ನಮ್ಮ ಕಾಕಾ ಬಿಪಿ ಗುಳಿಗಿ ಬಿಟ್ಟದ್ದು ಮರೆತಲ್ಲ, ಲೆಕ್ಕ ಹಾಕಿ. ಒಂದೂವರೆ ತಿಂಗಳು ತಪ್ಪದೆ ನುಂಗಿದರು. ತೋರಿಸಿದಾಗ 128/80 ಬಂತು. ಕಡಿಮೆ ಆಯಿತಲ್ಲ ಎಂದು ನಿಲ್ಲಿಸಿದರು. ಮೂರನೇ ದಿನ ಔಷಧ ಅಂಗಡಿಯಲ್ಲಿ ತೋಳಿಗೆ ಪಟ್ಟಿ ಕಟ್ಟಿಸಿಕೊಂಡು ನೋಡಿದರೆ 132/84. "ನೋಡವಾ, ಗುಳಿಗಿ ಇಲ್ದನೂ ಬರೋಬ್ಬರಿ ಐತಿ" ಅಂತ ನನಗೆ ಫೋನ್ ಮಾಡಿ ಹೇಳಿದರು.

ಮಗ್ಗದ ಮುಂದೆ ನಲವತ್ತು ವರ್ಷ ಕೂತು ಎಳೆ ಎಳೆ ಎಣಿಸಿದ ಮನುಷ್ಯ. ಅವರ ತರ್ಕ ಸರಿಯಾಗೇ ಇತ್ತು, ಆರಿಸಿಕೊಂಡ ದಿನ ತಪ್ಪಿತ್ತು.

ಅವರದು ಅಮ್ಲೋಡಿಪಿನ್. ರಕ್ತದಲ್ಲಿರುವ ಈ ಔಷಧ ಅರ್ಧಕ್ಕೆ ಇಳಿಯಲು 30ರಿಂದ 50 ತಾಸು ಬೇಕು. ದಿನಾ ನುಂಗುತ್ತ ಹೋದರೆ ಏಳೆಂಟು ದಿನಕ್ಕೆ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಬಿಟ್ಟಾಗ ಇಳಿಯುವುದೂ ಅಷ್ಟೇ ನಿಧಾನ. ಒಲೆ ಆರಿಸಿದ ಮೇಲೂ ಕಾದ ಹಂಚಿನ ಮೇಲೆ ಇನ್ನೊಂದು ರೊಟ್ಟಿ ಬೇಯುತ್ತದಲ್ಲ, ಹಾಗೆ. ಮೂರನೇ ದಿನ ಯಂತ್ರ ತೋರಿಸಿದ್ದು ಹಿಂದೆ ನುಂಗಿದ ಗುಳಿಗಿಯ ಕೆಲಸವನ್ನೇ. ಎರಡು ವಾರ ಬಿಟ್ಟು ನಾನೇ ನೋಡಿದಾಗ 168/100.

"ಅಷ್ಟ್ ಏರಿದ್ರ ನನಗ ಗೊತ್ತಾಗಬೇಕಿತ್ತಲ್ಲ?" ಎಂಬುದು ಅವರ ಮುಂದಿನ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಕುತ್ತಿಗೆಯ ದೊಡ್ಡ ರಕ್ತನಾಳ ಕವಲೊಡೆಯುವಲ್ಲಿ ಒತ್ತಡ ಅಳೆಯುವ ನರತುದಿಗಳಿವೆ. ಒತ್ತಡ ಏರಿದೊಡನೆ ಮಿದುಳಿಗೆ ಸುದ್ದಿ ಮುಟ್ಟಿಸಿ ಇಳಿಸುವುದು ಅವುಗಳ ಕೆಲಸ. ಆದರೆ ಏರಿದ ಒತ್ತಡ ಇಳಿಯದೇ ನಿಂತುಬಿಟ್ಟರೆ ಈ ಕಾವಲುಗಾರರು ಅದಕ್ಕೇ ಒಗ್ಗಿಹೋಗುತ್ತಾರೆ. ಅಲ್ಲಿಂದಾಚೆ ಅವರ ಲೆಕ್ಕದಲ್ಲಿ 170 ಅಂದರೇ ಸರಿ, 130 ಅಂದರೆ ಕಡಿಮೆ. ಹಾಗಾಗಿ ಗುಳಿಗಿ ಶುರುವಾದ ಹೊಸತರಲ್ಲಿ ಕೆಲವರಿಗೆ ಎದ್ದು ನಿಂತರೆ ತಲೆ ತಿರುಗುತ್ತದೆ, ಮೈ ಸೋತಂತಾಗುತ್ತದೆ. ರೋಗ ಇದ್ದಾಗ ಆರಾಮ, ಔಷಧ ತಗೊಂಡರೆ ಜಡ್ಡು! ಇಂಥ ಔಷಧವನ್ನು ಯಾರಾದರೂ ಯಾಕೆ ನಂಬಬೇಕು?

ಅದರ ಮೇಲೆ ಕಾಲು ಬಾವು. ಅಮ್ಲೋಡಿಪಿನ್ ಸಣ್ಣ ಅಪಧಮನಿಗಳನ್ನು ಸಡಿಲಿಸುತ್ತದೆ, ರಕ್ತ ವಾಪಸ್ ಒಯ್ಯುವ ನಾಳಗಳನ್ನು ಅಷ್ಟಾಗಿ ಅಲ್ಲ. ಒಳಬರುವ ದಾರಿ ಅಗಲ, ಹೊರಹೋಗುವ ದಾರಿ ಇದ್ದಷ್ಟೇ. ನಡುವಿನ ಕೂದಲೆಳೆಯಂಥ ನಾಳಗಳಿಂದ ನೀರು ಜಿನುಗಿ ಸಂಜೆ ಹೊತ್ತಿಗೆ ಹರಡಿನ ಸುತ್ತ ನಿಲ್ಲುತ್ತದೆ. 5 ಮಿಲಿಗ್ರಾಂಗಿಂತ 10ರಲ್ಲಿ ಹೆಚ್ಚು. ನಮ್ಮ ಕಡೆ ಕಾಲು ಬಾತರೆ ಮೊದಲ ಮಾತು "ಕಿಡ್ನಿ ಹೋದವು". ಏರಿದ ಬಿಪಿಯೇ ವರ್ಷಗಟ್ಟಲೆ ಸದ್ದಿಲ್ಲದೆ ಕಿಡ್ನಿ ಸವೆಸುತ್ತದೆ, ಅಪವಾದ ಮಾತ್ರ ಗುಳಿಗಿಯ ತಲೆಗೆ. ಬಾವು ನಿಜಕ್ಕೂ ಯಾತರದೆಂದು ತೋರಿಸಿಕೊಳ್ಳಲೇಬೇಕು. ಔಷಧದ್ದೇ ಆದರೆ ಡೋಸ್ ಇಳಿಸಿ ಟೆಲ್ಮಿಸಾರ್ಟನ್ ಥರದ ಇನ್ನೊಂದು ಬಿಪಿ ಗುಳಿಗಿ ಜೋಡಿಸಿದರೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಕಾಕಾನಿಗೆ ಹಾಗೇ ಆಯಿತು.

ಓದು ಬರಹ ಇಲ್ಲದವರು ಹೀಗೆ ಅನ್ನುವುದು ಸುಲಭ. ವಿಶ್ವ ಆರೋಗ್ಯ ಸಂಸ್ಥೆಯ 2003ರ ವರದಿ ನೋಡಿದರೆ, ದೀರ್ಘಕಾಲದ ರೋಗಗಳಿಗೆ ಹೇಳಿದಂತೆ ಔಷಧ ತಗೊಳ್ಳುವವರು ಮುಂದುವರಿದ ದೇಶಗಳಲ್ಲೂ ಸುಮಾರು ಅರ್ಧದಷ್ಟೇ. ಇನ್ನು ರೊಕ್ಕದ ಮಾತು: ಸರ್ಕಾರಿ ಆಸ್ಪತ್ರೆಯಲ್ಲಿ ಗುಳಿಗಿ ಪುಕ್ಕಟೆ, ಆದರೆ ತರಲು ಹೋದ ದಿನದ ಪಗಾರ ಯಾರೂ ಕೊಡುವುದಿಲ್ಲ.

ಕಾಕೂಗೂ ಬಿಪಿ ಇದೆ. ಆಕೆಗೆ ಕೊಟ್ಟದ್ದು ಉಪ್ಪು ನೀರನ್ನು ಮೂತ್ರದಲ್ಲಿ ಹೊರಹಾಕುವ ಗುಳಿಗಿ. ಮಗಳ ಬಾಣಂತನಕ್ಕೆಂದು ವಾರಕ್ಕೆ ಮೂರು ಸಲ ಗದಗಿನಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. "ನಡು ದಾರ್‍ಯಾಗ ಒಂದಕ್ಕ ಬಂದ್ರ ಎಲ್ಲಿ ಹೋಗ್ಲೆವ್ವಾ?" ಹೋಗುವ ದಿನ ಗುಳಿಗಿ ಸ್ಟ್ರಿಪ್ಪಿನಲ್ಲೇ ಉಳಿಯುತ್ತಿತ್ತು. ಇದನ್ನು ಡಾಕ್ಟರ್ ಕೇಳಲಿಲ್ಲ, ಅವರ ಮುಂದೆ ಹೇಳಲು ಕಾಕೂಗೆ ನಾಚಿಕೆ. ಬಿಪಿ ಹಿಡಿತಕ್ಕೆ ಬರುತ್ತಿಲ್ಲವೆಂದು ಆ ತಿಂಗಳು ಅದೇ ಗುಳಿಗಿಯ ಡೋಸ್ ಹೆಚ್ಚಿಸಿ ಕಳಿಸಿದ್ದರು.