ಇದು ಆಟ

ತಪ್ಪು ನನ್ನದೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಒಳಗೆ ಹೋದರೆ ಸಿಗುವ ಒಂದು ಊರು. ಕೊಯ್ಲು ಮುಗಿದ ಗದ್ದೆಯಲ್ಲಿ ಯಕ್ಷಗಾನ ಬಯಲಾಟ. ರಾತ್ರಿ ಹನ್ನೊಂದರ ಹೊತ್ತಿಗೆ ದೇವೇಂದ್ರನ ಒಡ್ಡೋಲಗ ಮುಗಿಯಿತು. ದೂತನ ವೇಷದ ಹಾಸ್ಯಗಾರರು ಏದುಸಿರು ಬಿಡುತ್ತಾ, ಒಂದು ಕಾಲು ಎಳೆದುಕೊಂಡು ರಂಗಸ್ಥಳಕ್ಕೆ ಬಂದರು.

“ಯಾಕೋ ದೂತಾ, ಇಷ್ಟು ತಡ?”

“ಭೂಲೋಕಕ್ಕೆ ಇಳಿದದ್ದು ಬೇಗವೇ ಒಡೆಯಾ. ಆಮೇಲೆ ಪಂಚಾಯತಿನ ರಸ್ತೆ ಸಿಕ್ಕಿತು.”

“ಸಿಕ್ಕಿದರೆ?”

“ಗುಂಡಿಗೆ ಬಿದ್ದೆ. ಬಿದ್ದೆ, ಬಿದ್ದೆ, ಬಿದ್ದೇ ಬಿದ್ದೆ. ಕಣ್ಣು ಬಿಟ್ಟು ನೋಡಿದರೆ ಪಾತಾಳ! ಬಲಿ ಚಕ್ರವರ್ತಿ ಕೂತಿದ್ದಾರೆ.”

“ಏನೆಂದ ಬಲಿ?”

“ನನ್ನನ್ನು ವಾಮನ ತುಳಿದ ಅಂತ ಎಲ್ಲರೂ ಹೇಳ್ತಾರೆ, ಅದು ಸುಳ್ಳು ಮಾರಾಯ. ನಾನೂ ಇದೇ ರಸ್ತೆಯಲ್ಲಿ ಬಂದದ್ದು ಅಂದರು.”

ಗದ್ದೆಗೆ ಗದ್ದೆಯೇ ನಕ್ಕಿತು. ಮುಂದಿನ ಸಾಲಿನಲ್ಲಿ ಕೂತಿದ್ದ ವಾರ್ಡ್ ಮೆಂಬರು ಎಲ್ಲರಿಗಿಂತ ಜಾಸ್ತಿ ನಕ್ಕರು. ನಾನು ಅದನ್ನು ಮೊಬೈಲಿನಲ್ಲಿ ಹಿಡಿದು ಮನೆಯವರ ಗ್ರೂಪಿಗೆ ಹಾಕಿ ಮಲಗಿದೆ.

ಮರುದಿನ ಮಧ್ಯಾಹ್ನ ಅದೇ ವೀಡಿಯೋ ನನಗೆ ವಾಪಸ್ ಬಂತು. ಎರಡು ನಿಮಿಷದ್ದು ಎಂಟು ಸೆಕೆಂಡ್ ಆಗಿತ್ತು. ಹಿಂದಿನ ಗುಂಡಿಯೂ ಇಲ್ಲ, ಮುಂದಿನ ರಸ್ತೆಯೂ ಇಲ್ಲ. ಉಳಿದದ್ದು ಇಷ್ಟೇ: ವಾಮನ ತುಳಿದದ್ದು ಸುಳ್ಳು. ಕೆಳಗೆ ಮಲಯಾಳದಲ್ಲಿ ಒಂದು ಸಾಲು. ಪೇಟೆಯಲ್ಲಿ ಸಿಕ್ಕಿದ ಆಟೋದವನು, “ಮಾಷೇ, ನಿಮ್ಮ ಆಟ ನಮ್ಮ ಗ್ರೂಪಿನಲ್ಲೂ ಬಂತಲ್ಲ” ಅಂದ. ಅವನ ಮುಖದಲ್ಲಿ ನಗು ಇರಲಿಲ್ಲ.

ಸಂಜೆಯೊಳಗೆ ಮೂರು ಗುಂಪಿಗೆ ಸಿಟ್ಟು ಬಂದಿತ್ತು. ದೇವರ ಕಥೆಯನ್ನು ಸುಳ್ಳೆಂದರು ಅಂತ ಒಂದು ಗುಂಪು. ಓಣಕ್ಕೆ ಮನೆಗೆ ಬರುವ ಮಾವೇಲಿಯನ್ನು, ಅಂದರೆ ಅದೇ ಬಲಿಯನ್ನು, ಗೇಲಿ ಮಾಡಿದರು ಅಂತ ಇನ್ನೊಂದು. ಮೂರನೆಯವರಿಗೆ ಪೂರ್ತಿ ವೀಡಿಯೋ ಸಿಕ್ಕಿತ್ತು. ಚುನಾವಣೆ ಹತ್ತಿರ ಬರುವಾಗ ಬೇಕೆಂದೇ ನಮ್ಮ ಆಡಳಿತದ ಮಾನ ತೆಗೆದರು ಅಂತ ಅವರು. ಈ ಮೂರು ಗುಂಪು ಒಂದೇ ಚಹಾದಂಗಡಿಯಲ್ಲಿ ಕೂರುವವರಲ್ಲ. ಆದರೆ ಹಾಸ್ಯಗಾರರು ಕ್ಷಮೆ ಕೇಳಬೇಕು ಎಂಬ ಮಾತಿಗೆ ಮೂವರೂ ಒಪ್ಪಿದರು. ಠಾಣೆಗೆ ಒಂದು ಅರ್ಜಿಯೂ ಹೋಯಿತಂತೆ. ಮುಂದೆ ಏನೂ ಆಗಲಿಲ್ಲ.

ಸಿಟ್ಟಾದವರು ದಡ್ಡರು ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಅವರಲ್ಲಿ ಇಬ್ಬರು ನನ್ನ ಹಳೇ ವಿದ್ಯಾರ್ಥಿಗಳು. ಒಬ್ಬನಂತೂ ಫಿಸಿಕ್ಸಿನಲ್ಲಿ ನನಗಿಂತ ಚುರುಕು. ಹಾಗಾದರೆ ಅವನ ತಲೆಯಲ್ಲಿ ಆಗಿದ್ದೇನು?

ಉತ್ತರ ಹುಡುಕುತ್ತಾ ಹೋದರೆ ಮೊದಲು ಸಿಗುವುದು ಎರಡು ಮಂಗಗಳು. 1952ರಲ್ಲಿ ಗ್ರೆಗರಿ ಬೇಟ್ಸನ್ ಎಂಬ ಮಾನವಶಾಸ್ತ್ರಜ್ಞ ಸ್ಯಾನ್ ಫ್ರಾನ್ಸಿಸ್ಕೋದ ಪ್ರಾಣಿಸಂಗ್ರಹಾಲಯದಲ್ಲಿ ಎರಡು ಮರಿಮಂಗಗಳು ಕಚ್ಚಾಡುವುದನ್ನು ನೋಡುತ್ತಾ ನಿಂತಿದ್ದ. ನೋಡಲಿಕ್ಕೆ ಜಗಳ. ಆದರೆ ಅದು ಜಗಳ ಅಲ್ಲ ಅಂತ ಮಂಗಗಳಿಗೂ ಗೊತ್ತು, ನೋಡುವವನಿಗೂ ಗೊತ್ತು. ಹೇಗೆ ಗೊತ್ತು? ಕಚ್ಚುವುದರ ಜೊತೆಗೆ ಅವು ಇನ್ನೊಂದು ಸಂದೇಶವನ್ನೂ ಕಳಿಸುತ್ತಿರಬೇಕು ಎಂದ ಬೇಟ್ಸನ್. ಆ ಸಂದೇಶ: ಇದು ಆಟ. ನಿಮ್ಮ ಮನೆಯ ನಾಯಿಯೂ ಇದನ್ನೇ ಮಾಡುತ್ತದೆ. ಮುಂಗಾಲು ಚಾಚಿ, ಎದೆ ನೆಲಕ್ಕೆ ತಾಗಿಸಿ, ಹಿಂಭಾಗ ಮೇಲೆತ್ತಿ ನಿಲ್ಲುತ್ತದಲ್ಲ? ಆಮೇಲೆ ಅದು ಗುರ್ ಅಂದರೂ ಇನ್ನೊಂದು ನಾಯಿ ಹೆದರುವುದಿಲ್ಲ.

ಯಕ್ಷಗಾನಕ್ಕೆ ನಾವು ಆಟ ಎಂದೇ ಕರೆಯುವುದು. ಬೇಟ್ಸನ್ ನಮ್ಮ ಗದ್ದೆಗೆ ಬಂದಿದ್ದರೆ ಅವನ ಕೆಲಸ ಸುಲಭವಾಗುತ್ತಿತ್ತು. ಚೆಂಡೆಯ ಪೆಟ್ಟು, ಮುಖದ ಬಣ್ಣ, ಭಾಗವತರು ತಾಳ ಹಿಡಿದು ನಗು ತಡೆದುಕೊಳ್ಳುವುದು, ಪಕ್ಕದಲ್ಲಿ ಕೂತವನ ನಗು: ಎಲ್ಲವೂ ಹೇಳುವುದು ಆ ಒಂದೇ ಮಾತು. ಎಂಟು ಸೆಕೆಂಡಿನ ತುಣುಕಿನಲ್ಲಿ ಕಚ್ಚಿದ್ದು ಉಳಿಯಿತು, ಆಟ ಎಂಬ ಸೂಚನೆ ಹೋಯಿತು.

ವಿಡಂಬನೆಯನ್ನು ಅರ್ಥ ಮಾಡಿಕೊಳ್ಳುವುದು ಮಿದುಳಿಗೆ ಸಣ್ಣ ಕೆಲಸವೇನಲ್ಲ. ಮಾತಿನ ನೇರ ಅರ್ಥ ಹಿಡಿಯಬೇಕು. ಹೇಳಿದವನ ಮನಸ್ಸಿನಲ್ಲಿ ಏನಿದೆ ಅಂತ ಊಹಿಸಬೇಕು. ಎರಡೂ ತಾಳೆಯಾಗದಿದ್ದರೆ ನೇರ ಅರ್ಥವನ್ನು ಬಿಡಬೇಕು. ಹಣೆಯ ಹಿಂದಿನ ಮಿದುಳಿಗೆ, ಅದರಲ್ಲೂ ಬಲಭಾಗಕ್ಕೆ ಪೆಟ್ಟು ಬಿದ್ದವರಲ್ಲಿ ಕೆಲವರಿಗೆ ಭಾಷೆ ಪೂರ್ತಿ ಸರಿಯಾಗಿರುತ್ತದೆ, ವ್ಯಂಗ್ಯ ಮಾತ್ರ ತಲೆಗೆ ಹತ್ತುವುದಿಲ್ಲ. ಇಸ್ರೇಲಿನ ಸಂಶೋಧಕರು 2005ರಲ್ಲಿ ಇದನ್ನು ತೋರಿಸಿದರು. ಮಳೆಗೆ ನೆನೆದು ಬಂದವನಿಗೆ “ಒಳ್ಳೇ ಬಿಸಿಲು ಅಲ್ವಾ” ಅಂದರೆ ಅವರು ಕಿಟಕಿಯಿಂದ ಹೊರಗೆ ನೋಡಬಹುದು.

ಮಿದುಳು ಸರಿ ಇದ್ದವರ ಗತಿಯೂ ಅಷ್ಟೇನೂ ಚೆನ್ನಾಗಿಲ್ಲ. ಅದೇ 2005ರಲ್ಲಿ ಅಮೆರಿಕದ ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಜೊತೆಗಾರರು ಒಂದು ಪರೀಕ್ಷೆ ಮಾಡಿದರು. ವಿದ್ಯಾರ್ಥಿಗಳು ಕೆಲವು ವಾಕ್ಯಗಳನ್ನು ಗಂಭೀರವಾಗಿ, ಕೆಲವನ್ನು ವ್ಯಂಗ್ಯವಾಗಿ ಇನ್ನೊಬ್ಬರಿಗೆ ಮುಟ್ಟಿಸಬೇಕು. ದನಿಯಲ್ಲಿ ಹೇಳಿದರೆ ಕೇಳಿದವರು 73% ಸಲ ಸರಿಯಾಗಿ ಗುರುತಿಸಿದರು. ಇ-ಮೇಲಿನಲ್ಲಿ ಬರೆದರೆ 56%. ನಾಣ್ಯ ಚಿಮ್ಮಿದರೂ ಅರ್ಧಕ್ಕರ್ಧ ಸರಿಯಾಗುತ್ತದೆ, ಅಲ್ವಾ? ನನಗೆ ಅದಕ್ಕಿಂತ ಹಿಡಿಸಿದ್ದು ಬರೆದವರ ವಿಶ್ವಾಸ. ಇ-ಮೇಲ್ ಬರೆದವರು ತಮ್ಮ ಮಾತು 78% ಸಲ ಸರಿಯಾಗಿ ಮುಟ್ಟುತ್ತದೆ ಎಂದುಕೊಂಡಿದ್ದರು. ಬರೆಯುವಾಗ ನಮ್ಮ ದನಿ ನಮ್ಮ ಕಿವಿಗೆ ಕೇಳುತ್ತಿರುತ್ತದೆ. ಓದುವವನಿಗೆ ಕೇಳುವುದಿಲ್ಲ. ನಾನು ಆ ರಾತ್ರಿ ವೀಡಿಯೋ ಕಳಿಸಿ ನಿಶ್ಚಿಂತೆಯಿಂದ ಮಲಗಿದ್ದಕ್ಕೂ ಇದೇ ಕಾರಣ ಇರಬೇಕು.

ಇದಕ್ಕೆ ಕಾಸರಗೋಡಿನ ಭಾಷೆಗಳನ್ನು ಸೇರಿಸಿ. ಇಲ್ಲಿ ಒಂದೇ ಬಸ್ಸಿನಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ ಕೇಳುತ್ತದೆ. ‘ಮಾರಾಯ’ ಎಂಬ ಒಂದು ಶಬ್ದ ಬಿದ್ದ ಕೂಡಲೇ ನಮ್ಮ ಕಿವಿಗೆ ಮಾತು ಸಲಿಗೆಯದ್ದು ಅಂತ ತಿಳಿಯುತ್ತದೆ. ಮಲಯಾಳದ ಆ ಸಾಲಿನಲ್ಲಿ ‘ಮಾರಾಯ’ ಇರಲಿಲ್ಲ.

ಅರ್ಥವಾದ ಮಾತ್ರಕ್ಕೆ ನಗು ಬರಬೇಕೆಂದೂ ಇಲ್ಲ. ಪೀಟರ್ ಮೆಕ್‌ಗ್ರಾ ಮತ್ತು ಕೇಲಬ್ ವಾರನ್ 2010ರಲ್ಲಿ ಮಂಡಿಸಿದ ವಾದ ಹೀಗಿದೆ: ಯಾವುದೋ ಒಂದು ನಿಯಮ ಮುರಿಯಬೇಕು, ಅದೇ ಹೊತ್ತಿಗೆ ಅದರಿಂದ ತೊಂದರೆ ಏನಿಲ್ಲ ಅಂತಲೂ ಅನಿಸಬೇಕು. ಎರಡೂ ಒಟ್ಟಿಗೆ ಬಂದರೆ ನಗು. ಬರೀ ಮುರಿದದ್ದೇ ಕಂಡರೆ ಸಿಟ್ಟು. ತೊಂದರೆ ಇಲ್ಲ ಅಂತ ಅನಿಸಲು ಸ್ವಲ್ಪ ದೂರ ಬೇಕು. 2012ರಲ್ಲಿ ಅಮೆರಿಕಕ್ಕೆ ಸ್ಯಾಂಡಿ ಚಂಡಮಾರುತ ಬಡಿದಾಗ ಮೆಕ್‌ಗ್ರಾ ತಂಡ ಅದರ ಮೇಲಿನ ಜೋಕುಗಳನ್ನು ಜನರಿಗೆ ಆಗಾಗ ತೋರಿಸಿ ಅಂಕ ಕೇಳುತ್ತಾ ಹೋಯಿತು. ಚಂಡಮಾರುತ ಬಡಿದ ಮೇಲಿನ ಮೊದಲ ಎರಡು ವಾರ ನಗು ಇಳಿಯುತ್ತಾ ಹೋಯಿತು. 36ನೇ ದಿನದ ಸುಮಾರಿಗೆ ನಗು ಏರಿತು. ಮತ್ತೆ ಇಳಿಯಿತು, ಸಂಗತಿಯೇ ಹಳತಾಗಿತ್ತು.

ನಮ್ಮ ಗದ್ದೆಯಲ್ಲೂ ನಗದ ಒಬ್ಬರಿದ್ದರು. ಅವರ ಮಗ ಆ ರಸ್ತೆಯಲ್ಲೇ ಬೈಕಿನಿಂದ ಬಿದ್ದು ಕೈ ಮುರಿದುಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಕ್ಷಮೆ ಕೇಳಬೇಕು ಎಂದವರ ಪೈಕಿ ಅವರು ಇರಲಿಲ್ಲ ಅನ್ನುವುದನ್ನೂ ಹೇಳಬೇಕು.

ಇನ್ನು ಸಿಟ್ಟಿನ ವಿಚಾರ. ಸಿಟ್ಟು ಕಹಿ ಎಂದು ನಾವು ತಿಳಿಯುತ್ತೇವೆ. ಒಳಗೆ ಸ್ವಲ್ಪ ಬೆಲ್ಲವೂ ಇದೆ. 2004ರಲ್ಲಿ ಜೂರಿಕ್‌ನ ಸಂಶೋಧಕರು, ಹಣದ ಆಟದಲ್ಲಿ ಮೋಸ ಮಾಡಿದವನನ್ನು ಶಿಕ್ಷಿಸುವವರ ಮಿದುಳನ್ನು ಸ್ಕ್ಯಾನ್ ಮಾಡಿದರು. ಬಹುಮಾನ ಸಿಕ್ಕಾಗ ಚುರುಕಾಗುವ ಭಾಗ ಶಿಕ್ಷಿಸುವಾಗಲೂ ಚುರುಕಾಗಿತ್ತು. ಫೋನು ಇದಕ್ಕೆ ಲೈಕ್ ಸೇರಿಸಿತು. ಯೇಲ್ ವಿಶ್ವವಿದ್ಯಾಲಯದ ವಿಲಿಯಂ ಬ್ರೇಡಿ ಮತ್ತು ಮಾಲಿ ಕ್ರಾಕೆಟ್ ತಂಡ 2021ರಲ್ಲಿ 7,331 ಜನರ 1 ಕೋಟಿ 27 ಲಕ್ಷ ಟ್ವೀಟುಗಳನ್ನು ಜಾಲಾಡಿತು. ಸಿಟ್ಟಿನ ಮಾತಿಗೆ ಲೈಕು, ಶೇರು ಜಾಸ್ತಿ ಬಂದವರು ಮುಂದಿನ ದಿನಗಳಲ್ಲಿ ಇನ್ನಷ್ಟು ಸಿಟ್ಟಿನ ಮಾತು ಬರೆದರು. ಜಾಸ್ತಿ ಬದಲಾದವರು ಮೊದಲೇ ಉರಿಯುವವರಲ್ಲ, ಸೌಮ್ಯ ಜನರ ನಡುವೆ ಇದ್ದವರು. ಗುಬ್ಬಚ್ಚಿಗೆ ಅಕ್ಕಿ ಹಾಕಿ ಅಂಗಳಕ್ಕೆ ಅಭ್ಯಾಸ ಮಾಡಿಸಿದ ಹಾಗೆ.

ಬ್ರೇಡಿ 2023ರಲ್ಲಿ ಇನ್ನೊಂದು ಕೆಲಸ ಮಾಡಿದ. ಸಿಟ್ಟಿನ ಟ್ವೀಟು ಬರೆದವರನ್ನೇ ಬರೆದ ಸ್ವಲ್ಪ ಹೊತ್ತಿನಲ್ಲಿ ಕೇಳಿದ: ನಿಮಗೆ ಎಷ್ಟು ಸಿಟ್ಟು ಬಂದಿತ್ತು? ಆಮೇಲೆ ಅದನ್ನು ಓದಿದವರನ್ನು ಕೇಳಿದ: ಇವನಿಗೆ ಎಷ್ಟು ಸಿಟ್ಟಿದೆ? ಓದಿದವರ ಲೆಕ್ಕವೇ ಮೇಲೆ. ಒಬ್ಬೊಬ್ಬರಲ್ಲಿ ಹೀಗೆ ಸ್ವಲ್ಪ ಸ್ವಲ್ಪ ಹೆಚ್ಚು ಲೆಕ್ಕ ಹಾಕಿದರೆ ಊರಿಗೆ ಊರೇ ಹೊತ್ತಿ ಉರಿಯುತ್ತಿದೆ ಅಂತ ಅನಿಸುತ್ತದೆ. ಆ ಸಂಜೆ ನನಗೂ ಹಾಗೇ ಅನಿಸಿತ್ತು. ಮರುದಿನ ಹಾಲಿನ ಸೊಸೈಟಿಯ ಸಾಲಿನಲ್ಲಿ ನಿಂತು ನೋಡಿದರೆ ಅರ್ಧ ಜನಕ್ಕೆ ವಿಷಯವೇ ಗೊತ್ತಿಲ್ಲ. ಉಳಿದವರು ಅಡಿಕೆ ರೇಟು ಮಾತಾಡುತ್ತಿದ್ದರು.

ನನ್ನ ಆ ಹಳೇ ವಿದ್ಯಾರ್ಥಿಗೆ ಫೋನು ಮಾಡಿದೆ. “ಸಾರ್, ನಂಗೆ ಅಷ್ಟೇನೂ ಸಿಟ್ಟಿಲ್ಲ. ಎಲ್ಲರೂ ಹಾಕಿದ್ರು, ನಾನು ಸುಮ್ನೆ ಹಾಕಿದೆ” ಅಂದ.

ಈ ‘ಸುಮ್ನೆ’ಗೆ ಕಾನೂನು ಎಷ್ಟು ಬೆಲೆ ಕೊಡಬೇಕು? ಸಂವಿಧಾನದ 19ನೇ ವಿಧಿ ಮಾತಿನ ಸ್ವಾತಂತ್ರ್ಯ ಕೊಟ್ಟಿದೆ, ಅದಕ್ಕೆ ಎಂಟು ಕಾರಣಗಳ ಬೇಲಿಯನ್ನೂ ಹಾಕಿದೆ. ದೇಶದ ಭದ್ರತೆ, ಸಾರ್ವಜನಿಕ ಶಾಂತಿ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ ಮುಂತಾದವು. ಕಿರಿಕಿರಿ ಎಂಬುದು ಆ ಪಟ್ಟಿಯಲ್ಲಿ ಇಲ್ಲ. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು, ಆನ್‌ಲೈನಿನಲ್ಲಿ ಕಿರಿಕಿರಿ ಮಾಡುವ ಮಾತಿಗೂ ಜೈಲು ಎನ್ನುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನನ್ನು ರದ್ದು ಮಾಡಿದ್ದು ಎಲ್ಲರಿಗೂ ನೆನಪಿದೆ. ಅದೇ ತೀರ್ಪಿನಲ್ಲಿ, ಕಿರಿಕಿರಿಯನ್ನೇ ಅಪರಾಧ ಮಾಡಿದ್ದ ಕೇರಳ ಪೊಲೀಸ್ ಕಾಯ್ದೆಯ 118(ಡಿ) ಕೂಡ ಬಿದ್ದುಹೋಯಿತು. ಅಂದರೆ ಇಲ್ಲಿ, ನಮ್ಮ ಗದ್ದೆಗೆ, ಅನ್ವಯಿಸುತ್ತಿದ್ದ ಸೆಕ್ಷನ್. 2020ರ ನವೆಂಬರಿನಲ್ಲಿ ಕೇರಳ ಸರಕಾರ 118ಎ ಅಂತ ಹೊಸದೊಂದನ್ನು ಸುಗ್ರೀವಾಜ್ಞೆಯಲ್ಲಿ ತಂದಿತು. ಯಾವುದೇ ಮಾಧ್ಯಮದಲ್ಲಿ ಅವಮಾನ ಮಾಡಿದರೆ ಮೂರು ವರ್ಷದವರೆಗೆ ಜೈಲು. ಎಲ್ಲ ಕಡೆಯಿಂದ ಗಲಾಟೆ ಎದ್ದು ಒಂದು ವಾರದೊಳಗೆ ಅದು ವಾಪಸ್ ಹೋಯಿತು. ಆ ಸಲ ಜನರ ಸಿಟ್ಟು ಮಾತಿನ ಪರವಾಗಿಯೇ ಕೆಲಸ ಮಾಡಿತು, ನೋಡಿ.

ಕೋರ್ಟುಗಳಿಗೆ ನಿಜವಾದ ತಲೆನೋವು ಬೇರೆ: ಯಾರ ಕಿವಿಯಿಂದ ಕೇಳಬೇಕು? 1940ರ ದಶಕದಲ್ಲಿ ನಾಗಪುರ ಹೈಕೋರ್ಟಿನ ನ್ಯಾಯಮೂರ್ತಿ ವಿವಿಯನ್ ಬೋಸ್ ಒಂದು ಅಳತೆಗೋಲು ಕೊಟ್ಟರು. ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನ, ಧೈರ್ಯವಂತರ ಮಟ್ಟದಿಂದ ಅಳೆಯಬೇಕು, ಪ್ರತಿಯೊಂದರಲ್ಲೂ ಅಪಾಯದ ವಾಸನೆ ಹಿಡಿಯುವ ಅಳ್ಳೆದೆಯವರ ಮಟ್ಟದಿಂದಲ್ಲ ಎಂದು. ಒಂದು ಕವಿತೆಯ ಪ್ರಕರಣದಲ್ಲಿ 2025ರ ಮಾರ್ಚಿನಲ್ಲೂ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. 1989ರ ಇನ್ನೊಂದು ತೀರ್ಪಿನ ಪ್ರಕಾರ ಮಾತಿಗೂ ಅಪಾಯಕ್ಕೂ ನೇರ ಸಂಬಂಧ ಇರಬೇಕು, ಸಿಡಿಮದ್ದಿನ ಪೀಪಾಯಿಗೆ ಕಿಡಿ ಬಿದ್ದ ಹಾಗೆ. ನನಗನಿಸುವುದು ಇದು ವಿಜ್ಞಾನಕ್ಕೂ ಹೊಂದುವ ಅಳತೆ. ಫೋನಿನಲ್ಲಿ ಕಾಣುವ ಸಿಟ್ಟು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ ಅಂದ ಮೇಲೆ, ಅದನ್ನೇ ನೋಡಿ ಪೀಪಾಯಿಯಲ್ಲಿ ಮದ್ದು ಎಷ್ಟಿದೆ ಅಂತ ಹೇಳುವುದು ಹೇಗೆ?

ಆದರೆ ಎಲ್ಲ ಜೋಕಿಗೂ ‘ಇದು ಆಟ’ ಎಂಬ ಬೋರ್ಡು ತಗಲಿಸಿ ಪಾರಾಗಲು ಆಗುವುದಿಲ್ಲ. ಥಾಮಸ್ ಫೋರ್ಡ್ ಎಂಬ ಮನಃಶಾಸ್ತ್ರಜ್ಞನ ಪ್ರಯೋಗಗಳಲ್ಲಿ, ಮೊದಲೇ ಹೆಂಗಸರ ಬಗ್ಗೆ ಅಸಡ್ಡೆ ಇದ್ದ ಗಂಡಸರು ಹೆಂಗಸರನ್ನು ಹೀಯಾಳಿಸುವ ಜೋಕು ಕೇಳಿದ ಮೇಲೆ ಮಹಿಳಾ ಸಂಘಟನೆಗೆ ಕಡಿಮೆ ಹಣ ಕೊಡಲು ಮುಂದಾದರು. ಜೋಕು ಹೊಸದಾಗಿ ದ್ವೇಷ ಹುಟ್ಟಿಸಲಿಲ್ಲ, ಇದ್ದದ್ದಕ್ಕೆ ಬಾಗಿಲು ತೆರೆಯಿತು. ಹಳೇ ಆಟಗಳಲ್ಲಿ ಕೆಳಜಾತಿಯವರ ಮಾತಿನ ಧಾಟಿಯನ್ನು ಅಣಕಿಸಿ ನಗಿಸುತ್ತಿದ್ದದ್ದು ನನಗೆ ನೆನಪಿದೆ. ನಾನೂ ನಕ್ಕಿದ್ದೇನೆ. ಅಲ್ಲೂ ಚೆಂಡೆ ಇತ್ತು, ಬಣ್ಣ ಇತ್ತು. ಕಚ್ಚಿಸಿಕೊಂಡವರಿಗೆ ತಿರುಗಿ ಕಚ್ಚುವ ಹಕ್ಕು ಇರಲಿಲ್ಲ.

ಆ ಹಕ್ಕು ಹೇಗಿರುತ್ತದೆ ಅಂತ ನೋಡಬೇಕಾದರೆ ಈ ಜಿಲ್ಲೆಯಲ್ಲೇ ಭೂತಕೋಲದಂಥ ಪೊಟ್ಟನ್ ತೆಯ್ಯಂ ಇದೆ. ಪೊಟ್ಟನ್ ಅಂದರೆ ಕಿವುಡ, ದಡ್ಡ. ದಾರಿ ಬಿಡು ಎಂದ ಶಂಕರಾಚಾರ್ಯರನ್ನು ತಡೆದು ನಿಲ್ಲಿಸಿ ಪ್ರಶ್ನೆ ಕೇಳಿದ ಚಂಡಾಲನ ಕಥೆ ಅದು, ಆ ವೇಷದಲ್ಲಿದ್ದವನು ಶಿವ. ನಮ್ಮನ್ನು ಕಡಿದರೂ ನಿಮ್ಮನ್ನು ಕಡಿದರೂ ಬರುವುದು ಒಂದೇ ರಕ್ತ ಅಲ್ಲವೇ ಅಂತ ತೆಯ್ಯಂ ನಗಾಡುತ್ತಾ ಕೇಳುತ್ತದೆ. ತೆಂಗಿನ ಗರಿ ಉಟ್ಟು ಕೆಂಡದ ರಾಶಿಗೆ ಬಿದ್ದು ಚಳಿ ಚಳಿ ಅನ್ನುತ್ತದೆ. ಎದುರಿಗೆ ಮೇಲ್ಜಾತಿಯ ಯಜಮಾನರು ಕೈಮುಗಿದು ನಿಂತಿರುತ್ತಾರೆ. ಮರುದಿನ ಆ ಕೈ ಯಾವ ರೀತಿ ಇರುತ್ತಿತ್ತು ಎಂಬುದು ಬೇರೆ ಪ್ರಶ್ನೆ. ಒಂದು ರಾತ್ರಿಯ ಪರವಾನಗಿ ಕೊಟ್ಟು ವರ್ಷವಿಡೀ ಆರಾಮಾಗಿ ಇರುವುದೂ ಯಜಮಾನರಿಗೆ ಗೊತ್ತಿತ್ತು.

ಹಾಸ್ಯಗಾರರು ಕ್ಷಮೆ ಕೇಳಲಿಲ್ಲ. ಯಾರೂ ಮತ್ತೆ ಒತ್ತಾಯವನ್ನೂ ಮಾಡಲಿಲ್ಲ. ನಾಲ್ಕು ದಿನಕ್ಕೆ ಬೇರೆ ವೀಡಿಯೋ ಬಂದಿತ್ತು. ತಿಂಗಳಾದ ಮೇಲೆ ಪಕ್ಕದ ಊರಿನಲ್ಲಿ ಅದೇ ಮೇಳದ ಆಟ. ನಾನು ವೇಷ ಕಟ್ಟುವ ಚೌಕಿಗೆ ಹೋಗಿ, ನನ್ನಿಂದ ನಿಮಗೆ ಸುಮ್ಮನೆ ತೊಂದರೆಯಾಯಿತು ಎಂದೆ. ಅವರು ಕನ್ನಡಿ ನೋಡಿಕೊಂಡು ಬಣ್ಣ ಹಚ್ಚುತ್ತಿದ್ದರು. “ಕೂತುಕೊಂಡು ಆಟ ನೋಡಿ ಮಾಷ್ಟ್ರೇ” ಎಂದರು, ಅಷ್ಟೇ.

ಅದೇ ಒಡ್ಡೋಲಗ. ಅದೇ ದೂತ. ಈ ಸಲ ಕಾಲು ಎಳೆಯಲಿಲ್ಲ, ಮೈಯೆಲ್ಲ ಒದ್ದೆಯಾದವರ ಹಾಗೆ ಬಟ್ಟೆ ಹಿಂಡುತ್ತಾ ಬಂದರು.

“ಯಾಕೋ ದೂತಾ, ಇಷ್ಟು ತಡ?”

“ಸಮುದ್ರದಲ್ಲಿ ಈಜಿಕೊಂಡು ಬಂದೆ ಒಡೆಯಾ.”

“ರಸ್ತೆ ಇಲ್ಲವೋ?”

ದೂತ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಎದುರಿನ ಸಾಲಿನಲ್ಲಿ ಮೇಲೆದ್ದಿದ್ದ ಮೊಬೈಲುಗಳನ್ನು ಬೆರಳು ಮಾಡಿ ಒಂದೊಂದಾಗಿ ಎಣಿಸಿದರು. ಆಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಚೆಂಡೆ ಒಂದು ಪೆಟ್ಟು ಬಿತ್ತು. ಜನ ಹಿಂದಿನ ಸಲಕ್ಕಿಂತ ಜಾಸ್ತಿ ನಕ್ಕರು.