ತಿಗಣೆಯನ್ನು ಓಡಿಸಬೇಡಿ

"ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಬೇಡಿ. ತಿರುವಿನಲ್ಲೇ ಬಿಟ್ಟು ನಡೆದು ಬನ್ನಿ."

ದಾವಣಗೆರೆಯಲ್ಲಿ ಕೀಟ ನಿಯಂತ್ರಣದ ಕೆಲಸ ಹಿಡಿದ ಮೇಲೆ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಇದು. ಗೆದ್ದಲಿಗೆ ಕರೆದವರು ಹೀಗೆ ಹೇಳುವುದಿಲ್ಲ, ಜಿರಳೆಗೆ ಕರೆದವರೂ ಹೇಳುವುದಿಲ್ಲ. ತಿಗಣೆಗೆ ಕರೆದವರು ಮಾತ್ರ ಫೋನಿನಲ್ಲೇ ದನಿ ತಗ್ಗಿಸಿ, "ಅದೇ, ಹಾಸಿಗೆಯದು" ಎನ್ನುತ್ತಾರೆ. ಟಾಕೀಸಿನ ಮರದ ಕುರ್ಚಿಯಲ್ಲಿ ತಗಣಿ ಕಡಿಸಿಕೊಂಡೇ ಸಿನಿಮಾ ಮುಗಿಸಿ ಬರುತ್ತಿದ್ದ ಹಿರಿಯರಿಗೆ ಈ ನಾಚಿಕೆ ಇರಲಿಲ್ಲ. ಈಗಿನವರಿಗೆ ತಿಗಣೆ ಎಂದರೆ ಕೊಳಕು. ಆದರೆ ತಿಗಣೆ ಕಸ ತಿಂದು ಬದುಕುವ ಹುಳವಲ್ಲ, ಅದರ ಆಹಾರ ರಕ್ತವೊಂದೇ. ದಿನಕ್ಕೆರಡು ಸಲ ನೆಲ ಒರೆಸುವ ಮನೆಯಲ್ಲೂ ಜನ ಮಲಗುತ್ತಾರಲ್ಲ, ಅದಕ್ಕೆ ಅಷ್ಟು ಸಾಕು. ಹಾಸ್ಟೆಲಿನಿಂದ ಬಂದ ಬ್ಯಾಗು, ಹಳೆಯ ಮಂಚ, ರಾತ್ರಿ ಬಸ್ಸಿನ ಸೀಟು, ಎಲ್ಲಿಂದ ಬೇಕಾದರೂ ಮನೆ ಸೇರುತ್ತದೆ.

ಈ ನಾಚಿಕೆಯಿಂದ ಆಗುವ ನಷ್ಟ ದೊಡ್ಡದು. ಯಾರಿಗೂ ಹೇಳದೆ ಎರಡು ತಿಂಗಳು ತಾವೇ ಹೋರಾಡುತ್ತಾರೆ. ಆ ಹೋರಾಟದಲ್ಲಿ ತಿಗಣೆ ಸಾಯುವುದಕ್ಕಿಂತ ಚದುರುವುದೇ ಹೆಚ್ಚು.

ಕೆ.ಟಿ.ಜೆ. ನಗರದ ಒಂದು ಮನೆಯ ಸಂಗತಿ. ಮಗ ಹಾಸ್ಟೆಲಿನಿಂದ ರಜೆಗೆ ಬಂದು ಹೋಗಿದ್ದ. ತಿಂಗಳೊಪ್ಪತ್ತಿನಲ್ಲಿ ಮನೆಯೊಡತಿಯ ತೋಳಿನ ಮೇಲೆ ಸಾಲಾಗಿ ಕೆಂಪು ಗಂಧೆಗಳು ಎದ್ದವು. ಪಕ್ಕದಲ್ಲೇ ಮಲಗುವ ಗಂಡನಿಗೆ ಏನೂ ಇಲ್ಲ. "ಸೊಳ್ಳೆ ಇರಬೇಕು, ಇವಳದು ಎಲ್ಲಾ ಅತಿ" ಎಂದು ಆತ ತಳ್ಳಿಹಾಕಿದರು. ಈ ಜಗಳವನ್ನು ನಾನು ಎಷ್ಟೋ ಮನೆಗಳಲ್ಲಿ ಬಿಡಿಸಿದ್ದೇನೆ. ತಿಗಣೆ ಇಬ್ಬರನ್ನೂ ಕಚ್ಚಿರುತ್ತದೆ, ಆದರೆ ಕೆಲವರ ಮೈ ಅದಕ್ಕೆ ಪ್ರತಿಕ್ರಿಯೆಯನ್ನೇ ತೋರುವುದಿಲ್ಲ. ತೋರುವವರಲ್ಲೂ ಗಂಧೆ ಏಳಲು ಕೆಲವು ದಿನ ಹಿಡಿಯಬಹುದು. ಹಾಗಾಗಿ ಚರ್ಮ ನೋಡಿ ತೀರ್ಮಾನಿಸಬೇಡಿ, ಮಂಚ ನೋಡಿ.

ಅವರು ಮೊದಲು ಅಂಗಡಿಯ ಸ್ಪ್ರೇ ಡಬ್ಬಿ ತಂದು ಗಾದಿಗೆ ಹೊಡೆದರು. ನಾಲ್ಕು ದಿನ ನೆಮ್ಮದಿ, ಐದನೆಯ ದಿನ ಮತ್ತೆ ಕಡಿತ. ಹಾಸಿಗೆ ಎತ್ತಿಕೊಂಡು ಪಡಸಾಲೆಯ ದಿವಾನಕ್ಕೆ ಬಂದರು, ವಾರದಲ್ಲಿ ದಿವಾನಕ್ಕೂ ತಿಗಣೆ ಬಂತು. ಗಂಡ ಮಹಡಿಯ ಕೋಣೆಗೆ ಹೋದರು. ನಾನು ಹೋಗುವ ಹೊತ್ತಿಗೆ ಒಂದು ಕೋಣೆಯ ಕೆಲಸ ಮೂರು ಕೋಣೆಯ ಕೆಲಸವಾಗಿತ್ತು.

ತಿಗಣೆಗೆ ರೆಕ್ಕೆ ಇಲ್ಲ, ಜಿಗಿಯಲೂ ಬರುವುದಿಲ್ಲ. ನಾವು ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡು, ಮೈಯ ಬಿಸಿ, ಮೈಯ ವಾಸನೆ, ಇವುಗಳ ಜಾಡು ಹಿಡಿದು ನಡೆದೇ ಬರುತ್ತದೆ. ಐದು ಹತ್ತು ನಿಮಿಷ ರಕ್ತ ಹೀರಿ ತನ್ನ ಸಂದಿಗೆ ಮರಳುತ್ತದೆ. ಮಲಗುವವರು ಒಂದೇ ಕಡೆ ಇದ್ದರೆ ಅದೂ ಮಂಚದ ಸುತ್ತಮುತ್ತಲೇ ಇರುತ್ತದೆ. ನೀವು ಜಾಗ ಬದಲಿಸಿದರೆ ಹಸಿದದ್ದು ಹುಡುಕಿಕೊಂಡು ಹೊರಡುತ್ತದೆ. ಕೋಣೆಗೆ ಬೀಗ ಹಾಕಿ ಹಸಿವಿನಿಂದ ಸಾಯಿಸುತ್ತೇವೆ ಎನ್ನುವವರೂ ಇದ್ದಾರೆ. ಬೆಳೆದ ತಿಗಣೆ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು, ಅಷ್ಟು ದಿನ ಬೀಗ ಹಾಕಿಡುವಷ್ಟು ಕೋಣೆಗಳು ಯಾರ ಮನೆಯಲ್ಲಿವೆ? ಆದ್ದರಿಂದ ನನ್ನ ಮೊದಲ ಮಾತು ಎಲ್ಲರಿಗೂ ಇಷ್ಟೇ: ಅದೇ ಮಂಚದ ಮೇಲೆ ಮಲಗಿ. ಹೇಳಿದಾಗ ಮುಖ ಕಿವುಚುತ್ತಾರೆ. ನಾನಾಗಿದ್ದರೂ ಕಿವುಚುತ್ತಿದ್ದೆ.

ಇನ್ನು ಸ್ಪ್ರೇ ಡಬ್ಬಿಯ ಮದ್ದು. ಅದು ಹೆಚ್ಚಾಗಿ ಪೈರೆಥ್ರಾಯ್ಡ್ ಎಂಬ ಕೀಟನಾಶಕ ಗುಂಪಿನದು. ಈ ಗುಂಪಿಗೆ ತಿಗಣೆಗಳು ಲೋಕದ ಬಹಳ ಕಡೆ ಒಗ್ಗಿಹೋಗಿವೆ. ಒಗ್ಗುವುದು ಅವುಗಳಿಗೆ ಹೊಸತೂ ಅಲ್ಲ. ಡಿಡಿಟಿಗೆ ಬಗ್ಗದ ತಿಗಣೆಗಳು 1947ರಲ್ಲೇ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರಿನ ಬ್ಯಾರಕ್ಕುಗಳಲ್ಲಿ ಕಂಡಿದ್ದವು. ಸ್ಪ್ರೇಗೆ ಸಾಯದೆ ಉಳಿದವು ಮದ್ದಿನ ಕಿರಿಕಿರಿಗೆ ಗೋಡೆಯ ಕಡೆ ಸರಿಯುತ್ತವೆ. ಬೇವಿನ ಹೊಗೆ, ಸೀಮೆಎಣ್ಣೆಗಳಿಂದ ಆಗುವುದೂ ಹೆಚ್ಚುಕಡಿಮೆ ಅದೇ, ಜೊತೆಗೆ ಬೆಂಕಿಯ ಭಯ ಬೇರೆ.

ಮದ್ದಿಗಿಂತ ಮೊದಲು ಹುಡುಕಬೇಕು. ನನ್ನ ಚೀಲದಲ್ಲಿ ಒಂದು ಟಾರ್ಚು, ಒಂದು ಸ್ಕ್ರೂಡ್ರೈವರ್, ಅವಧಿ ಮುಗಿದ ಒಂದು ಎಟಿಎಂ ಕಾರ್ಡು ಇರುತ್ತವೆ. ಕಾರ್ಡನ್ನು ಹಲಗೆಯ ಸಂದಿಯಲ್ಲಿ ಎಳೆದರೆ ಒಳಗಿದ್ದವು ಹೊರಗೆ ಬೀಳುತ್ತವೆ. ಗಾದಿಯ ಅಂಚಿನ ಹೊಲಿಗೆ, ಕೌದಿಯ ಮಡಿಕೆ, ಕಬ್ಬಿಣದ ಮಂಚದ ಪೈಪಿನ ಬಾಯಿ, ತಲೆಯ ಬಳಿಯ ಸ್ವಿಚ್‌ಬೋರ್ಡು, ಕ್ಯಾಲೆಂಡರಿನ ಹಿಂಬದಿ, ಎಲ್ಲವನ್ನೂ ನೋಡಬೇಕು. ಶಾಯಿಯ ಚುಕ್ಕೆಯಂಥ ಕಪ್ಪು ಕಲೆ ಕಂಡರೆ ಒದ್ದೆ ಬಟ್ಟೆ ಒತ್ತಿ. ಕಂದು ಬಣ್ಣ ಹರಡಿದರೆ ಅದು ತಿಗಣೆಯ ಹಿಕ್ಕೆ, ಅಂದರೆ ನಿಮ್ಮದೇ ರಕ್ತ.

ಕೆ.ಟಿ.ಜೆ. ನಗರದ ಮಂಚ ಪ್ಲೈವುಡ್ಡಿನದು. ಸಂದಿಗಳೆಲ್ಲ ಸ್ವಚ್ಛವಾಗಿದ್ದವು, ಅಷ್ಟು ಸಲ ಸ್ಪ್ರೇ ಹೊಡೆದಿದ್ದರು. ತಲೆಭಾಗದ ಹಲಗೆಯ ಸ್ಕ್ರೂಗಳ ಮೇಲೆ, ಅಂದಕ್ಕೆಂದು, ಎಂಟಾಣೆಗಿಂತ ಚಿಕ್ಕ ಪ್ಲಾಸ್ಟಿಕ್ ಮುಚ್ಚಳಗಳಿದ್ದವು. ಒಂದನ್ನು ಸ್ಕ್ರೂಡ್ರೈವರಿನ ತುದಿಯಿಂದ ಮೀಟಿ ತೆಗೆದೆ. ಒಳಗಿನ ಗುಳಿಯಲ್ಲಿ ಅಗಸೆ ಬೀಜದಷ್ಟು ಅಗಲದ ಆರು ತಿಗಣೆ ಒತ್ತೊತ್ತಾಗಿ ಕುಳಿತಿದ್ದವು. ಮುಚ್ಚಳದ ಒಳಮೈಗೆ ಗಸಗಸೆ ಕಾಳಿನಂಥ ಬಿಳಿ ಮೊಟ್ಟೆಗಳು, ಉಗುರಿನಿಂದ ಕೆರೆದರೂ ಬಿಡದಂತೆ ಅಂಟಿದ್ದವು. ಅಂಥ ಮುಚ್ಚಳ ಒಟ್ಟು ಹನ್ನೆರಡು. ಮನೆಯೊಡತಿ ಬಾಯಿಗೆ ಸೆರಗು ಒತ್ತಿಕೊಂಡರು. ಗಂಡ ಏನೂ ಮಾತನಾಡಲಿಲ್ಲ.

ಆ ಮೊಟ್ಟೆಯೇ ನಮ್ಮ ಕಸುಬಿನ ಲೆಕ್ಕವನ್ನೆಲ್ಲ ನಿರ್ಧರಿಸುವುದು. ನಾವು ಬಳಸುವ ಬಹುತೇಕ ಮದ್ದು ಮೊಟ್ಟೆಯನ್ನು ಸರಿಯಾಗಿ ಕೊಲ್ಲುವುದಿಲ್ಲ. ನಮ್ಮೂರಿನ ಸೆಖೆಗೆ ವಾರ, ಹತ್ತು ದಿನದಲ್ಲಿ ಅದು ಒಡೆದು ಮರಿ ಹೊರಬರುತ್ತದೆ. ಮರಿ ಐದು ಸಲ ಪೊರೆ ಬಿಡಬೇಕು, ಪ್ರತಿ ಸಲಕ್ಕೂ ಮೊದಲು ರಕ್ತ ಕುಡಿಯಬೇಕು. ಹೊಟ್ಟೆ ತುಂಬ ಸಿಗುತ್ತಿದ್ದರೆ ಒಂದೂವರೆ ತಿಂಗಳ ಒಳಗೆ ಬೆಳೆದು ತಾನೇ ಮೊಟ್ಟೆ ಇಡಲು ಶುರುಮಾಡುತ್ತದೆ. ಹಾಗಾಗಿ ಮೊದಲ ಭೇಟಿಯಾದ ಹತ್ತರಿಂದ ಹದಿನಾಲ್ಕು ದಿನಕ್ಕೆ ಎರಡನೆಯ ಭೇಟಿ ಆಗಲೇಬೇಕು, ಮೊಟ್ಟೆಯೊಡೆದ ಮರಿಗಳು ದೊಡ್ಡವಾಗುವ ಮೊದಲು. ಜನ ಎಡವುವುದು ಇಲ್ಲೇ. "ಈಗ ಒಂದೂ ಕಾಣುತ್ತಿಲ್ಲ, ನೀವು ಬರುವುದು ಬೇಡ" ಎಂದು ಫೋನ್ ಇಡುತ್ತಾರೆ. ಎರಡು ತಿಂಗಳಿಗೆ ಅದೇ ನಂಬರಿನಿಂದ ಬೈಗುಳ ಬರುತ್ತದೆ. ಒಂದೇ ಭೇಟಿಯಲ್ಲಿ ಗ್ಯಾರಂಟಿ ಎನ್ನುವವರು ಬಂದರೆ ಬಾಗಿಲಿನಿಂದಲೇ ಕಳುಹಿಸಿ. ಬಂದವರ ಬಳಿ ಪರವಾನಗಿ ಇದೆಯೇ, ಡಬ್ಬಿಯ ಮೇಲೆ ಲೇಬಲ್ ಇದೆಯೇ ನೋಡಿ. ಬರಿಯ ಬಾಟಲಿಯಲ್ಲಿ ಮದ್ದು ತಂದವರಿಗೆ ಮನೆಯೊಳಗೆ ಜಾಗ ಕೊಡಬೇಡಿ.

ಬಿಸಿಲಿನ ಬಗ್ಗೆಯೂ ಎಲ್ಲರೂ ಕೇಳುತ್ತಾರೆ. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಮನುಷ್ಯರೇ ಬೇಯುವಾಗ ತಿಗಣೆ ಸಾಯದೇ? 50 ಡಿಗ್ರಿ ದಾಟಿದರೆ ತಿಗಣೆಯೂ ಮೊಟ್ಟೆಯೂ ಬೇಗ ಸಾಯುತ್ತವೆ, ನಿಜ. ಆದರೆ ಹತ್ತಿಯ ಗಾದಿ ಬಿಸಿಯನ್ನು ಒಳಗೆ ಬಿಡುವುದಿಲ್ಲ. ತಾರಸಿಯಲ್ಲಿ ಹಾಕಿದ ಗಾದಿಯ ಮೇಲ್ಮೈ ಸುಡುತ್ತಿದ್ದರೆ ಹುಳ ಕೆಳಮೈಯ ನೆರಳಿಗೆ ಇಳಿದು ಕೂರುತ್ತದೆ. ಹಬ್ಬಕ್ಕೆ ಮುಂಚೆ ಕೌದಿಗಳನ್ನು ಭದ್ರಾ ನಾಲೆಗೆ ಒಯ್ದು ತೊಳೆಯುವುದೂ ಇದೆ. ಕೊಳೆ ಹೋಗುತ್ತದೆ, ಅಂಟಿದ ಮೊಟ್ಟೆ ಹೋಗುವುದಿಲ್ಲ. ಕೌದಿ, ಹೊದಿಕೆ, ದಿಂಬಿನ ಚೀಲಗಳನ್ನು ಕೈ ಇಡಲಾಗದಷ್ಟು ಬಿಸಿಯಾದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಕೋಣೆಯಿಂದ ಹೊರಗೆ ಒಯ್ಯುವಾಗ ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಒಯ್ಯಿರಿ. ಬರಿಗೈಯಲ್ಲಿ ಎತ್ತಿಕೊಂಡು ಪಡಸಾಲೆಯಲ್ಲಿ ಹಾದರೆ ದಾರಿಯುದ್ದಕ್ಕೂ ಬಿತ್ತುತ್ತಾ ಹೋದ ಹಾಗೆ. ಕಬ್ಬಿಣದ ಮಂಚವಾದರೆ ಅಂಗಳದಲ್ಲಿ ಸಂದಿಸಂದಿಗೆ ಕುದಿಯುವ ನೀರು ಹೊಯ್ಯುವ ಹಳೆಯ ಪದ್ಧತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ.

ಒಂದು ವಿಷಯವನ್ನು ಮಾತ್ರ ಗದರಿಸಿಯೇ ಹೇಳುತ್ತೇನೆ. ನಮ್ಮದು ಮೆಕ್ಕೆಜೋಳದ ಸೀಮೆ. ದಾಸ್ತಾನಿಗೆ ಇಡುವ ಗುಳಿಗೆ ಪರಿಚಯದವರ ಕೈಯಲ್ಲಿ ಸುಲಭವಾಗಿ ಸಿಗುತ್ತದೆ. "ಜೋಳದ ಹುಳ ಸಾಯುತ್ತದಲ್ಲ, ತಿಗಣೆಯೂ ಸಾಯುತ್ತದೆ" ಎಂದು ಮಂಚದ ಕೆಳಗೆ ಎರಡು ಗುಳಿಗೆ ಇಟ್ಟು ಬಾಗಿಲು ಹಾಕಿದವರನ್ನು ನಾನು ಕಂಡಿದ್ದೇನೆ. ಅದು ಅಲ್ಯುಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಫಾಸ್ಫೀನ್ ಅನಿಲ ಬಿಡುತ್ತದೆ. ಆ ಅನಿಲ ಬಾಗಿಲ ಸಂದಿಯಲ್ಲಿ, ಗೋಡೆಯ ಬಿರುಕಿನಲ್ಲಿ ನುಸುಳಿ ಪಕ್ಕದ ಕೋಣೆಯಲ್ಲಿ ಮಲಗಿದ ಮಗುವನ್ನು ಕೊಲ್ಲಬಲ್ಲದು, ಅದಕ್ಕೆ ಪ್ರತ್ಯೌಷಧವಿಲ್ಲ. ಹೊಲದ ಔಷಧಿಯೂ ಮನೆಯೊಳಗೆ ಬೇಡ. ಹಿಂದೆ ನಮ್ಮ ಕಸುಬಿನಲ್ಲೂ ಬಳಕೆಯಲ್ಲಿದ್ದ ಡೈಕ್ಲೋರ್ವಾಸ್ 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧವಾಗಿದೆ. ಅಟ್ಟದ ಮೇಲೆ ಹಳೆಯ ಬಾಟಲಿ ಇದ್ದರೆ ಮುಟ್ಟಬೇಡಿ. ಮನೆಗಳಲ್ಲಿ ತಿಗಣೆಯಿಂದ ರೋಗ ಹರಡಿದ್ದು ಸಾಬೀತಾಗಿಲ್ಲ. ತುರಿಕೆ ಕೊಡುವ ಹುಳಕ್ಕಾಗಿ ಜೀವ ತೆಗೆಯುವ ವಿಷ ಏಕೆ ತರುತ್ತೀರಿ?

ಕೆ.ಟಿ.ಜೆ. ನಗರದ ಮನೆಯಲ್ಲಿ ಮುಚ್ಚಳಗಳನ್ನೆಲ್ಲ ಕಿತ್ತು, ಗುಳಿಗಳಿಗೂ ಸಂದಿಗಳಿಗೂ ಹಬೆ ಹಿಡಿದು, ಆಮೇಲೆ ಮದ್ದು ಹಾಕಿದೆವು. ಮಂಚವನ್ನು ಗೋಡೆಯಿಂದ ಒಂದಡಿ ಸರಿಸಿದೆವು. ಕಾಲುಗಳ ಕೆಳಗೆ ಇಡಲು ನಾನು ನುಣುಪಾದ ಪ್ಲಾಸ್ಟಿಕ್ ಬಲೆಬಟ್ಟಲು ತೆಗೆದೆ, ಒಳಗೆ ಬಿದ್ದ ತಿಗಣೆ ಜಾರಿ ಮೇಲೆ ಹತ್ತಲಾಗದಿರಲಿ ಎಂದು. ಬಾಗಿಲಲ್ಲಿ ನಿಂತಿದ್ದ ಅಜ್ಜಿ, "ಅದೇಕೆ ತಮ್ಮಾ, ಹಾಲಿನ ಪಾತ್ರೆಗೆ ಇರುವೆ ಹತ್ತದ ಹಾಗೆ ನೀರಿನ ತಟ್ಟೆ ಇಡುವುದಿಲ್ಲವೇ?" ಎಂದು ನಾಲ್ಕು ಸ್ಟೀಲ್ ಬಟ್ಟಲು ತಂದಿಟ್ಟರು. ಅಜ್ಜಿಯ ಮಾತೇ ಸರಿ. ಆ ಬಲೆಬಟ್ಟಲು ತಂಪು ದೇಶಗಳ ತಿಗಣೆಗೆ ಹೊಂದುವಂಥದು. ನಮ್ಮ ಉಷ್ಣ ಸೀಮೆಯ ಜಾತಿಯ ಕಾಲಿನ ಹಿಡಿತ ಬಿಗಿ, ನುಣುಪು ಗೋಡೆಯನ್ನೂ ಹತ್ತಿ ದಾಟುತ್ತದೆ. ಸೋಪು ಕದಡಿದ ನೀರನ್ನು ದಾಟುವುದಿಲ್ಲ. ಹೊದಿಕೆಯ ತುದಿ ನೆಲಕ್ಕೆ ತಾಗದಂತೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಅದೇ ಏಣಿಯಾಗುತ್ತದೆ.

ಹನ್ನೆರಡನೆಯ ದಿನ ಬಟ್ಟಲುಗಳಲ್ಲಿ ಏಳು ಮರಿ ತೇಲುತ್ತಿದ್ದವು. ಮತ್ತೆ ಹಬೆ, ಮತ್ತೆ ಮದ್ದು. ಮೂರನೆಯ ಭೇಟಿಗೆ ಹೋದಾಗ ಬರಿಯ ನೀರಿತ್ತು. ಇನ್ನು ಬಟ್ಟಲು ತೆಗೆಯಬಹುದು ಎಂದೆ.

"ಬೇಡ, ಇರಲಿ" ಎಂದರು ಅಜ್ಜಿ. "ದುಗ್ಗಮ್ಮನ ಜಾತ್ರೆಗೆ ಹದಿನೆಂಟು ಜನ ಬರುವವರಿದ್ದಾರೆ. ಅವರ ಬ್ಯಾಗುಗಳನ್ನು ಎಲ್ಲಿ ಇಡಿಸಲಿ, ಅದನ್ನು ಹೇಳು."